ಮನೆಯ ಸೋಪು, ಲಿಕ್ವಿಡ್‌ಗಳಿಂದ ಕಾರಿನ ಬಣ್ಣ ಹಾಳಾಗುತ್ತಾ? ನೀವೇ ಪರೀಕ್ಷೆ ಮಾಡಿ ನೋಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಕಾರು ತೊಳೆಯುವುದು ವರ್ಷವಿಡೀ ಮುಗಿಯದ ಕೆಲಸ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು, ಮಳೆಗಾಲದಲ್ಲಿ ಕೆಸರು, ಪಾಚಿ. ನಡುವೆ ತೋಟಕ್ಕೆ ಹೊಡೆದ ಔಷಧಿಯ ಹನಿ. ಕಾರಿಗೆಂದೇ ಇರುವ ಶಾಂಪೂ ಎಲ್ಲ ಊರಲ್ಲೂ ಸಿಗುವುದಿಲ್ಲ. ಆಗ ಕೈಗೆ ಬರುವುದು ಅಡುಗೆಮನೆಯಲ್ಲೋ ಬಚ್ಚಲಲ್ಲೋ ಇರುವ ಡಬ್ಬಿ. ಅದನ್ನು ಹಾಕಬಹುದಾ ಅಂತ ಕೇಳಿದರೆ ಒಬ್ಬರು ಏನೂ ಆಗಲ್ಲ ಅಂತಾರೆ, ಇನ್ನೊಬ್ಬರು ಬಣ್ಣವೇ ಎದ್ದು ಹೋಗುತ್ತೆ ಅಂತಾರೆ. ಇಬ್ಬರ ಮಾತನ್ನೂ ಹಾಗೇ ನಂಬಬೇಕಿಲ್ಲ. ಮನೆಯ ಅಂಗಳದಲ್ಲೇ ಪರೀಕ್ಷೆ ಮಾಡಿ ತಿಳಿದುಕೊಳ್ಳಬಹುದು.

ಕೆಳಗೆ ಎಲ್ಲೂ ಕಂಪನಿಗಳ ಹೆಸರು ಹಾಕಿಲ್ಲ, ಬಗೆಯನ್ನಷ್ಟೇ ಹೇಳಿದ್ದೇನೆ. ಒಂದೇ ಹೆಸರಿನ ಡಬ್ಬಿಯೊಳಗಿನ ಮಿಶ್ರಣ ಕಾಲಕಾಲಕ್ಕೆ ಬದಲಾಗುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಡಬ್ಬಿಯನ್ನೇ ಪರೀಕ್ಷಿಸುವುದು ಒಳ್ಳೆಯದು.

ಒಂದೇ ಮಾತಿನಲ್ಲಿ ಹೇಳಿ, ಹಾಳಾಗುತ್ತಾ ಇಲ್ವಾ?

ಸರಿಯಾಗಿ ನೀರು ಬೆರೆಸಿ, ನೆರಳಲ್ಲಿ ಹಚ್ಚಿ, ಒಣಗುವ ಮೊದಲೇ ತೊಳೆದರೆ ಹೆಚ್ಚಿನ ಮನೆಬಳಕೆಯ ಸೋಪುಗಳು ಕಂಪನಿಯಿಂದ ಬಂದ ಬಣ್ಣಕ್ಕೆ ಕಣ್ಣಿಗೆ ಕಾಣುವಂಥ ಹಾನಿ ಮಾಡುವುದಿಲ್ಲ. ಹಾನಿ ಮಾಡುವುದು ಜಾಸ್ತಿ ಮಟ್ಟಿಗೆ ಮಣ್ಣಿನ ಹರಳು ಮತ್ತು ಅದರ ಮೇಲೆ ಆಡುವ ನಮ್ಮ ಕೈ. ಬೈಗುಳ ಮಾತ್ರ ಸೋಪಿಗೆ. ಆದರೆ ಕೆಲವು ಡಬ್ಬಿಗಳು ನಿಜಕ್ಕೂ ಕೆಟ್ಟವು, ಅವುಗಳ ವಿಷಯ ಮುಂದೆ ಬರುತ್ತದೆ. ಯಾವುದು ಸೋಪಿನ ತಪ್ಪು, ಯಾವುದು ತಿಕ್ಕಿದ ತಪ್ಪು ಅಂತ ಬೇರೆ ಮಾಡಿ ನೋಡುವುದೇ ಈ ಪರೀಕ್ಷೆಯ ಉದ್ದೇಶ.

ಕಾರಿನ ಬಣ್ಣ ಅಂದರೆ ಒಂದೇ ಪದರವಾ?

ಅಲ್ಲ. ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಕೊನೆಗೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇದನ್ನೇ ಕ್ಲಿಯರ್ ಕೋಟ್ ಅನ್ನುತ್ತಾರೆ. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 35ರಿಂದ 50 ಮೈಕ್ರಾನ್. 1,000 ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಎಷ್ಟು ತೆಳು ಅಂತ ಲೆಕ್ಕ ಹಾಕಿ. ನಾವು ತೊಳೆಯುವುದು, ಉಜ್ಜುವುದು, ಗೀರುವುದು ಎಲ್ಲ ಈ ಪದರವನ್ನೇ. ಕಾರಿನ ಹೊಳಪೂ ಇದರದ್ದೇ.

ಹಳೆಯ ಕಾರುಗಳಲ್ಲಿ, ಅದರಲ್ಲೂ ಮೆಟಾಲಿಕ್ ಅಲ್ಲದ ಬಣ್ಣದವುಗಳಲ್ಲಿ, ಕ್ಲಿಯರ್ ಕೋಟ್ ಇಲ್ಲದೆಯೂ ಇರಬಹುದು. ಒದ್ದೆ ಬಿಳಿ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಬಟ್ಟೆಗೆ ಕಾರಿನದೇ ಬಣ್ಣ ಹತ್ತಿದರೆ ಅದು ಕ್ಲಿಯರ್ ಕೋಟ್ ಇಲ್ಲದ ಬಣ್ಣ. ಅಂಥ ಕಾರಿಗೆ ಎರಡು ಪಟ್ಟು ಜಾಗ್ರತೆ ಬೇಕು.

ಪರೀಕ್ಷೆಯನ್ನು ನನ್ನ ಕಾರಿನ ಮೇಲೇ ಮಾಡಬೇಕಾ?

ಬೇಡ. ಗುಜರಿಯಲ್ಲಿ ಹಳೆಯ ಬಾನೆಟ್ ಅಥವಾ ಬಾಗಿಲು ಸಿಗುತ್ತದೆ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜುಗಳಲ್ಲಿ ವಿಚಾರಿಸಿ. ಅಪಘಾತದಲ್ಲಿ ಒಂದು ಬದಿ ಜಜ್ಜಿ ಹೋಗಿ, ಉಳಿದ ಭಾಗ ಚೆನ್ನಾಗಿರುವ ಬಾನೆಟ್ ಸಿಕ್ಕರೆ ಸಾಕು. ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಂಪನಿ ಪೇಂಟಾ, ಆಮೇಲೆ ಹೊಡೆದದ್ದಾ? ಕಂಪನಿ ಪೇಂಟೇ ಬೇಕು. ಗಾಢ ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಕಪ್ಪು, ಕಡು ನೀಲಿಯ ಮೇಲೆ ಗೀರು, ಮಂಕು ಎಲ್ಲ ಬೇಗ ಕಾಣುತ್ತದೆ. ಬಿಳಿಯ ಮೇಲೆ ಹಾನಿ ಆಗಿದ್ದರೂ ಗೊತ್ತಾಗುವುದಿಲ್ಲ.

ಗುಜರಿ ತುಂಡಿನ ಮೇಲೆ ಪಾಸಾದ ಡಬ್ಬಿಯನ್ನು ಮಾತ್ರ ಕಾರಿನ ಮೇಲೆ ನೋಡಿ, ಅದೂ ಮರೆಯಾದ ಜಾಗದಲ್ಲಿ. ಬಾಗಿಲಿನ ಕೆಳಗಿನ ಅಂಚು ಆಗಬಹುದು. ಬಾಗಿಲು ತೆರೆದಾಗ ಕಾಣುವ ಒಳಭಾಗ ಅಷ್ಟು ಸರಿಯಲ್ಲ. ಕೆಲವು ಕಾರುಗಳಲ್ಲಿ ಅಲ್ಲಿ ಕ್ಲಿಯರ್ ಕೋಟ್ ತೆಳುವಾಗಿರುತ್ತದೆ, ಉತ್ತರ ತಪ್ಪಬಹುದು.

ಏನೇನು ಸಾಮಾನು ಬೇಕು?

ಮಾಸ್ಕಿಂಗ್ ಟೇಪು, ಹತ್ತಿ, ನೀರಿನ ಬಾಟಲಿಯ ಮುಚ್ಚಳಗಳು, ಕೈಗವಸು, ಕನ್ನಡಕ, ಒಳ್ಳೆಯ ಟಾರ್ಚು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಬರೆದಿಡಲು ಪುಸ್ತಕ. ಪಿಎಚ್ ಕಾಗದ ಸಿಕ್ಕರೆ ತನ್ನಿ, ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಇರುತ್ತದೆ. ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ: 7 ನಡುಮಟ್ಟ, ಅದಕ್ಕಿಂತ ಕಮ್ಮಿಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ.

ಅದು ಸಿಗದಿದ್ದರೆ ಅರಿಶಿನ ಸಾಕು. ಅರಿಶಿನದ ನೀರಲ್ಲಿ ಬಿಳಿ ಕಾಗದ ಅದ್ದಿ ಒಣಗಿಸಿಕೊಳ್ಳಿ. ಸೋಪಿನ ನೀರು ತಾಗಿದಾಗ ಕಾಗದ ಕೆಂಪಾದರೆ ಆ ನೀರು ಕ್ಷಾರ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತಲ್ವಾ, ಕಾರಣ ಅದೇ. ಬಟ್ಟೆ ಒಗೆಯುವ ಪುಡಿಯ ನೀರಿಗೆ ಈ ಕಾಗದ ತಕ್ಷಣ ಕೆಂಪಾಗುತ್ತದೆ. ಆಮ್ಲವನ್ನು ಮಾತ್ರ ಇದು ತೋರಿಸುವುದಿಲ್ಲ.

ಸರಿ, ಪರೀಕ್ಷೆ ಶುರು ಮಾಡೋದು ಹೇಗೆ?

ಮೊದಲು ತುಂಡನ್ನು ಚೆನ್ನಾಗಿ ತೊಳೆಯಿರಿ. ಮೇಲೆ ಹಳೆಯ ವ್ಯಾಕ್ಸ್ ಅಥವಾ ಪಾಲಿಶ್ ಇದ್ದರೆ ಹೋಗಬೇಕು. ಇಲ್ಲದಿದ್ದರೆ ನೀವು ವ್ಯಾಕ್ಸನ್ನು ಪರೀಕ್ಷಿಸಿದ ಹಾಗಾಗುತ್ತದೆ, ಬಣ್ಣವನ್ನಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒರೆಸಿದರೆ ಸಾಕು.

ಆಮೇಲೆ ಟೇಪು ಅಂಟಿಸಿ ಚೌಕಗಳನ್ನು ಮಾಡಿಕೊಳ್ಳಿ. ಒಂದೊಂದು ಚೌಕಕ್ಕೆ ಒಂದೊಂದು ದ್ರವ. ಒಂದು ಚೌಕ ಬರೀ ನೀರಿಗೆ ಮೀಸಲು. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇದಿಲ್ಲದೆ ಪರೀಕ್ಷೆಗೆ ಅರ್ಥವೇ ಇಲ್ಲ. ಬೋರ್‌ವೆಲ್ ನೀರು ಒಣಗಿದಾಗ ಬಿಳಿ ಉಂಗುರ ಬಿಡುತ್ತದೆ. ನೀರಿನ ಚೌಕ ಇಲ್ಲದಿದ್ದರೆ ಆ ಉಂಗುರವನ್ನು ಸೋಪಿನ ಲೆಕ್ಕಕ್ಕೆ ಬರೆದುಬಿಡುತ್ತೀರಿ. ಇನ್ನೊಂದು ಚೌಕದಲ್ಲಿ ಕಾರಿನ ಶಾಂಪೂ ಇರಲಿ, ಹೋಲಿಸಲು ಬೇಕಾಗುತ್ತದೆ.

ಪ್ರತಿ ದ್ರವವನ್ನೂ ಎರಡು ಬಗೆಯಲ್ಲಿ ನೋಡಿ. ಒಂದು, ನೀವು ನಿಜವಾಗಿ ಬಳಸುವಷ್ಟು ನೀರು ಬೆರೆಸಿ. ಇನ್ನೊಂದು, ಡಬ್ಬಿಯಿಂದ ಹಾಗೇ. ಹತ್ತಿಯ ಉಂಡೆಯನ್ನು ದ್ರವದಲ್ಲಿ ನೆನೆಸಿ ಚೌಕದ ಮೇಲಿಟ್ಟು ಬಾಟಲಿ ಮುಚ್ಚಳ ಮಗುಚಿ ಹಾಕಿ. ಮುಚ್ಚದಿದ್ದರೆ ದ್ರವ ಆವಿಯಾಗಿ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಪಕ್ಕದಲ್ಲೇ ಅದೇ ದ್ರವದ ಒಂದು ಹನಿಯನ್ನು ಮುಚ್ಚದೆ ಬಿಡಿ. ಅದು ಒಣಗುತ್ತಾ ಗಟ್ಟಿಯಾಗುತ್ತದೆ. ತೊಳೆಯದೆ ಬಿಟ್ಟ ಸೋಪು ಕಾರಿನ ಮೇಲೆ ಮಾಡುವುದೂ ಅದನ್ನೇ.

10 ನಿಮಿಷ, ಒಂದು ಗಂಟೆ, ಒಂದು ರಾತ್ರಿ. ಈ ಮೂರು ಹೊತ್ತಿಗೆ ಬೇರೆ ಬೇರೆ ಚೌಕ ಇಟ್ಟುಕೊಳ್ಳಿ. ಅವಧಿ ಮುಗಿದ ಕೂಡಲೇ ಧಾರಾಳ ನೀರು ಸುರಿದು, ಉಜ್ಜದೆ, ಬಟ್ಟೆ ಒತ್ತಿ ನೀರು ಹೀರಿಸಿ. ಉಜ್ಜಿದರೆ ಗೀರು ಬಂದದ್ದು ಯಾವುದರಿಂದ ಅಂತ ಗೊತ್ತಾಗದೆ ಹೋಗುತ್ತದೆ.

ಇಷ್ಟನ್ನೂ ಒಮ್ಮೆ ನೆರಳಲ್ಲಿ, ಒಮ್ಮೆ ಬಿಸಿಲಲ್ಲಿ ಮಾಡಿ. ಕಪ್ಪು ತಗಡು ಮಧ್ಯಾಹ್ನದ ಬಿಸಿಲಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಬಿಸಿ ಹೆಚ್ಚಾದಷ್ಟೂ ರಾಸಾಯನಿಕಗಳ ಕೆಲಸ ಚುರುಕಾಗುತ್ತದೆ, ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ. ನೆರಳಲ್ಲಿ ಪಾಸಾದದ್ದು ಬಿಸಿಲಲ್ಲಿ ಫೇಲ್ ಆಗಬಹುದು.

ತಿಕ್ಕುವುದರ ಪರೀಕ್ಷೆ ಬೇರೆಯೇ ಮಾಡಬೇಕಾ?

ಹೌದು, ಬೇರೆ ಚೌಕದಲ್ಲೇ. ಇಲ್ಲಿನ ಕಷ್ಟ ಏನೆಂದರೆ ಕೈಯ ಒತ್ತಡ ಪ್ರತಿ ಸಲವೂ ಒಂದೇ ಥರ ಇರುವುದಿಲ್ಲ. ಅದಕ್ಕೆ ಅರ್ಧ ಲೀಟರ್ ನೀರು ತುಂಬಿದ ಬಾಟಲಿಯ ತಳಕ್ಕೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಕುತ್ತಿಗೆ ಹಿಡಿದು, ಒತ್ತದೆ, ಹಿಂದೆ ಮುಂದೆ ಎಳೆಯಿರಿ. ಒತ್ತಡ ಬಾಟಲಿಯ ತೂಕದ್ದೇ ಆಗಿರುತ್ತದೆ. ಎಲ್ಲ ಚೌಕಕ್ಕೂ 50 ಸಲ ಅಂತ ಇಟ್ಟುಕೊಳ್ಳಿ.

ಒಂದು ಚೌಕದಲ್ಲಿ ಬರೀ ನೀರು, ಒಂದರಲ್ಲಿ ಸೋಪು ನೀರು. ಮೂರನೆಯದರಲ್ಲಿ ಒಣ ಬಟ್ಟೆ ಮತ್ತು ರಸ್ತೆ ಬದಿಯ ಒಂದು ಚಿಟಿಕೆ ಕೆಮ್ಮಣ್ಣು. ನಾಲ್ಕನೆಯದರಲ್ಲಿ ಅದೇ ಮಣ್ಣು, ಜೊತೆಗೆ ಧಾರಾಳ ಸೋಪು ನೀರು. ಮುಗಿದ ಮೇಲೆ ತೊಳೆದು ಟಾರ್ಚು ಬಿಡಿ. ಮೂರನೆಯ ಚೌಕದಲ್ಲಿ ಬೆಳಕಿನ ಸುತ್ತ ಕೂದಲೆಳೆಯಂಥ ಗೀರುಗಳು ಬಲೆ ಕಟ್ಟಿರುತ್ತವೆ. ಮೊದಲ ಎರಡರಲ್ಲಿ ಹೆಚ್ಚೇನೂ ಇರುವುದಿಲ್ಲ. ನಾಲ್ಕನೆಯದು ನಡುವೆ ಎಲ್ಲೋ ನಿಲ್ಲುತ್ತದೆ. ಸೋಪು ಜಾರಿಸುತ್ತದೆ, ಹಾಗಾಗಿ ಹರಳು ಆಳಕ್ಕೆ ಇಳಿಯುವುದಿಲ್ಲ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಧೂಳು ಕೂತ ಕಾರನ್ನು ಒಣ ಬಟ್ಟೆಯಲ್ಲಿ ಒರೆಸುವುದನ್ನು ಬಿಟ್ಟುಬಿಡುತ್ತಾರೆ. ನಮ್ಮ ಜಂಬಿಟ್ಟಿಗೆ ಸೀಮೆಯ ಧೂಳಿನಲ್ಲಿ ಗಟ್ಟಿ ಹರಳುಗಳಿವೆ, ಬರೀ ನುಣ್ಣನೆ ಪುಡಿಯಲ್ಲ.

ಹಾನಿ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?

ತೊಳೆದ ಕೂಡಲೇ ಒಮ್ಮೆ, 24 ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಕೆಲವು ದ್ರವಗಳಿಗೆ ಬಣ್ಣ ತಾತ್ಕಾಲಿಕವಾಗಿ ಉಬ್ಬಿ ಮೆತ್ತಗಾಗುತ್ತದೆ, ಒಣಗಿದ ಮೇಲೆ ಮೊದಲಿನಂತಾಗುತ್ತದೆ. ಮರುದಿನವೂ ಉಳಿದದ್ದನ್ನೇ ಹಾನಿ ಅನ್ನಬೇಕು.

ಟಾರ್ಚನ್ನು ನೇರ ಬಿಡಬೇಡಿ, ಓರೆಯಾಗಿ ಬಿಡಿ. ಬಲ್ಬಿನ ಪ್ರತಿಬಿಂಬದ ಅಂಚು ಚೂಪಾಗಿದೆಯಾ, ಮಸುಕಾಗಿದೆಯಾ ನೋಡಿ. ಅಂಚು ಮಸುಕಾದರೆ ಮೇಲ್ಮೈ ಒರಟಾಗಿದೆ ಅಂತ ಅರ್ಥ. ಹೊಳಪು ಕಮ್ಮಿಯಾಗುವುದು, ಬಣ್ಣ ಬದಲಾಗುವುದು, ಗುಳ್ಳೆ ಏಳುವುದು, ಬೆರಳಿಗೆ ಅಂಟು ಅನ್ನಿಸುವುದು, ಉಗುರು ಒತ್ತಿದರೆ ಗುರುತು ಉಳಿಯುವುದು, ಇವೆಲ್ಲ ಲಕ್ಷಣಗಳು. ಫೋಟೋ ತೆಗೆದರೆ ಒಂದೇ ಜಾಗದಿಂದ, ಒಂದೇ ಬೆಳಕಲ್ಲಿ ತೆಗೆಯಿರಿ.

ಮೆತ್ತಗಾಗಿದೆಯಾ ಅಂತ ನೋಡಲು ಪೆನ್ಸಿಲ್ ಪರೀಕ್ಷೆಯೂ ಇದೆ. ಚಿತ್ರ ಬಿಡಿಸುವ ಪೆನ್ಸಿಲುಗಳು 6ಬಿ ಯಿಂದ 6ಎಚ್ ತನಕ ಸಿಗುತ್ತವೆ. ಮೊನೆಯನ್ನು ಉಪ್ಪುಕಾಗದದ ಮೇಲೆ ಉಜ್ಜಿ ಚಪ್ಪಟೆ ಮಾಡಿ, 45 ಡಿಗ್ರಿ ಓರೆಯಲ್ಲಿ ಹಿಡಿದು, ಮುಂದಕ್ಕೆ ದೂಡಿ. ಯಾವ ಪೆನ್ಸಿಲಿಗೆ ಬಣ್ಣ ಗೀರುತ್ತದೆ ಅಂತ ಪರೀಕ್ಷೆಗೆ ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ಅದಕ್ಕಿಂತ ಮೆತ್ತನೆಯ ಪೆನ್ಸಿಲಿಗೇ ಗೀರಿದರೆ ಕ್ಲಿಯರ್ ಕೋಟ್ ಸೋತಿದೆ. ಇದು ಗುಜರಿ ತುಂಡಿಗೆ ಮಾತ್ರ, ಕಾರಿಗಲ್ಲ.

ಸೋಪು ಹಾಕಿದ ಮೇಲೆ ನೀರು ಮೊದಲಿನ ಹಾಗೆ ಹನಿ ಕಟ್ಟಿ ಜಾರುತ್ತಿಲ್ಲ. ಬಣ್ಣ ಹೋಯ್ತಾ?

ಇಲ್ಲ. ಹನಿ ಕಟ್ಟುವುದು ವ್ಯಾಕ್ಸಿನ ಗುಣ, ಬಣ್ಣದ ಆರೋಗ್ಯದ ಗುರುತಲ್ಲ. ಸೋಪಿನ ಅಂಶ ಚೂರು ಉಳಿದಿದ್ದರೂ ನೀರು ಹನಿ ಕಟ್ಟದೆ ಹರಡಿಕೊಳ್ಳುತ್ತದೆ. ಇನ್ನೊಮ್ಮೆ ಬರೀ ನೀರಲ್ಲಿ ತೊಳೆದು ನೋಡಿ. ಆಗಲೂ ಹನಿ ಕಟ್ಟದಿದ್ದರೆ ವ್ಯಾಕ್ಸ್ ಸವೆದಿದೆ, ಮತ್ತೆ ಹಚ್ಚಿದರೆ ಆಯಿತು.

ಲ್ಯಾಬುಗಳಲ್ಲೂ ಹೀಗೇ ಮಾಡ್ತಾರಾ?

ಮೂಲ ರೀತಿ ಇದೇ. ಅಮೆರಿಕ ಮೂಲದ ಮಾನದಂಡ ಸಂಸ್ಥೆ ಎಎಸ್‌ಟಿಎಂನ ಡಿ 1308 ಅನ್ನುವ ಪರೀಕ್ಷಾ ವಿಧಾನ ಇರುವುದೇ ಮನೆಬಳಕೆಯ ರಾಸಾಯನಿಕಗಳು ಬಣ್ಣದ ಲೇಪಗಳಿಗೆ ಏನು ಮಾಡುತ್ತವೆ ಅಂತ ನೋಡಲು. ಅದರಲ್ಲಿ ಹನಿಯನ್ನು ತೆರೆದಿಡುವುದು, ಗಾಜಿನಿಂದ ಮುಚ್ಚಿಡುವುದು, ದ್ರವದಲ್ಲಿ ಮುಳುಗಿಸುವುದು ಎಲ್ಲ ಉಂಟು. ಪೆನ್ಸಿಲ್ ಗಡಸುತನಕ್ಕೆ ಡಿ 3363. ಹೊಳಪು ಅಳೆಯಲು ಅವರ ಹತ್ತಿರ ಮೀಟರ್ ಇರುತ್ತದೆ, ನಮ್ಮ ಹತ್ತಿರ ಟಾರ್ಚು ಮತ್ತು ಕಣ್ಣು. ಅದರಿಂದ ಸಣ್ಣ ವ್ಯತ್ಯಾಸ ತಪ್ಪಿಹೋಗಬಹುದು. ನಮ್ಮ ಕಾರಿನ ತೀರ್ಮಾನಕ್ಕೆ ಇಷ್ಟು ಸಾಕು.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಹುದಾ?

ನೀರು ಬೆರೆಸಿ ಆಗೊಮ್ಮೆ ಈಗೊಮ್ಮೆ ಹಾಕಿದರೆ ಕ್ಲಿಯರ್ ಕೋಟಿಗೆ ತೊಂದರೆ ಇಲ್ಲ. ಜಿಡ್ಡು ತೆಗೆಯುವುದೇ ಅದರ ಕೆಲಸವಾದ್ದರಿಂದ ಪದೇ ಪದೇ ಬಳಸಿದರೆ ವ್ಯಾಕ್ಸ್ ಬೇಗ ಕರಗುತ್ತದೆ. ಒಂದು ಬಕೆಟ್ ನೀರಿಗೆ ಎರಡು ಚಮಚ ಸಾಕು. ಅದರಲ್ಲಿ ಉಪ್ಪು ಇದೆ, ಕಾರು ತುಕ್ಕು ಹಿಡಿಯುತ್ತೆ ಅಂತ ಹೇಳುವವರಿದ್ದಾರೆ. ಗಟ್ಟಿ ಬರಲಿ ಅಂತ ಹಲವು ಲಿಕ್ವಿಡ್‌ಗಳಿಗೆ ಉಪ್ಪು ಸೇರಿಸುವುದು ನಿಜ. ಆದರೆ ಬಕೆಟ್ ನೀರಲ್ಲಿ ಅದು ತೀರಾ ಕಮ್ಮಿ, ತೊಳೆದರೆ ಹೋಗುತ್ತದೆ.

ಪಾತ್ರೆ ಸೋಪಿನ ಬಿಲ್ಲೆ ಮಾತ್ರ ಬೇಡವೇ ಬೇಡ. ಅದರಲ್ಲಿ ಕಲೆ ಕೆರೆಯಲೆಂದೇ ಕಲ್ಲಿನ ಪುಡಿ ಇರುತ್ತದೆ. ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು, ತೆಂಗಿನ ನಾರು ಕೂಡ ಬೇಡ. ಇವುಗಳಿಂದ ಆಗುವ ಗೀರು ಒಂದೇ ಸಲಕ್ಕೆ ಕಾಣುತ್ತದೆ.

ಬಟ್ಟೆ ಒಗೆಯುವ ಪುಡಿ?

ನಮ್ಮ ಕಡೆ ಜಾಸ್ತಿ ಜನ ಬಳಸುವುದು ಇದನ್ನೇ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಪಿಎಚ್ ಸಾಮಾನ್ಯವಾಗಿ 10ರ ಆಸುಪಾಸು ಅಥವಾ ಮೇಲೆ. ಹತ್ತು ನಿಮಿಷಕ್ಕೆ ಕ್ಲಿಯರ್ ಕೋಟ್ ಕರಗುವುದಿಲ್ಲ. ತೊಂದರೆ ಮೂರು ಕಡೆಯಿಂದ ಬರುತ್ತದೆ. ಕರಗದೆ ಉಳಿದ ಹರಳು ಬಟ್ಟೆಗೆ ಸಿಕ್ಕಿ ಗೀರುತ್ತದೆ. ಅಲ್ಯೂಮಿನಿಯಂ ಪಟ್ಟಿ, ಅಲಾಯ್ ಚಕ್ರಗಳು ಕ್ಷಾರಕ್ಕೆ ಮಂಕಾಗುತ್ತವೆ. ರಬ್ಬರ್ ಬೀಡಿಂಗಿನ ಸಂದಿಯಲ್ಲಿ ಉಳಿದದ್ದು ಒಣಗಿ ಬಿಳಿ ಗೆರೆ ಬಿಡುತ್ತದೆ. ಬೇರೇನೂ ಇಲ್ಲ ಅಂದಾಗ ಬಿಸಿನೀರಲ್ಲಿ ಪೂರ್ತಿ ಕರಗಿಸಿ, ತಣಿಸಿ, ಬಟ್ಟೆಯಲ್ಲಿ ಸೋಸಿ ಬಳಸಿ. ಅಭ್ಯಾಸ ಮಾಡಿಕೊಳ್ಳಬೇಡಿ.

ವಿನೆಗರ್, ನಿಂಬೆಹಣ್ಣು, ಹುಣಸೆಹುಳಿ? ಇವು ತಿನ್ನುವ ಪದಾರ್ಥ ಅಲ್ವಾ?

ತಿನ್ನುವುದಾದರೂ ಆಮ್ಲವೇ. ನಿಂಬೆರಸದ ಪಿಎಚ್ ಸುಮಾರು 2ರಿಂದ 2.5, ವಿನೆಗರಿನದು ಹತ್ತಿರ ಹತ್ತಿರ 2.5. ಇವೆರಡಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ವಿನೆಗರಿನ ಆಮ್ಲ ಆವಿಯಾಗಿ ಹೋಗುತ್ತದೆ. ನಿಂಬೆಯ ಆಮ್ಲ ಹೋಗುವುದಿಲ್ಲ, ನೀರು ಆರಿದಂತೆಲ್ಲ ಗಟ್ಟಿಯಾಗುತ್ತಾ ಅಲ್ಲೇ ಕೂರುತ್ತದೆ. ಮುಚ್ಚದೆ ಬಿಟ್ಟ ಹನಿಯ ಪರೀಕ್ಷೆ ಇಲ್ಲೇ ಉಪಯೋಗಕ್ಕೆ ಬರುವುದು. ಬಿಸಿಲಲ್ಲಿ ಒಣಗಿದ ನಿಂಬೆ ಹನಿಯ ಅಂಚಿನಲ್ಲಿ ಉಂಗುರ ಉಳಿದಿದೆಯಾ ನೋಡಿ. ಕೆಲವು ಬಗೆಯ ಕ್ಲಿಯರ್ ಕೋಟ್‌ಗಳು ಕ್ಷಾರಕ್ಕಿಂತ ಆಮ್ಲಕ್ಕೆ ಬೇಗ ಸೋಲುತ್ತವೆ.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ನೀರು ಬೆರೆಸಿದ ವಿನೆಗರ್ ಒಳ್ಳೆಯ ಮದ್ದು. ಒಂದು ಪಾಲು ವಿನೆಗರಿಗೆ ನಾಲ್ಕೈದು ಪಾಲು ನೀರು. ಎರಡು ನಿಮಿಷ ಬಿಟ್ಟು ತೊಳೆಯಿರಿ. ಬಟ್ಟೆ ತುಂಡಿಗೆ ಹುಣಸೆಹಣ್ಣು ಮೆತ್ತಿ ತಿಕ್ಕುವುದು ಹಿತ್ತಾಳೆ ಕೊಡಕ್ಕೆ ಸರಿ, ಕಾರಿಗಲ್ಲ.

ತೋಟಕ್ಕೆ ಬೋರ್ಡೋ ಹೊಡೆಯುವಾಗ ಪಕ್ಕದಲ್ಲಿದ್ದ ಕಾರಿನ ಮೇಲೆ ನೀಲಿ ಚುಕ್ಕೆ ಬಿದ್ದಿದೆ. ಏನು ಹಾಕಲಿ?

ಮಳೆ ಹಿಡಿಯುವ ಮೊದಲು ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ ಕಡೆ ಬರುವ ಪ್ರಶ್ನೆ ಇದು. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅಡಿಕೆ ಗೊನೆಯ ಮೇಲೆ ಮಳೆಗೂ ಜಗ್ಗದೆ ಅಂಟಿ ನಿಂತು ಕೊಳೆ ರೋಗ ತಡೆಯಬೇಕು ಅಂತಲೇ ಮಾಡಿದ ಔಷಧಿ. ಕಾರಿನ ಮೇಲೂ ಹಾಗೇ ಅಂಟುತ್ತದೆ.

ಬಿದ್ದ ದಿನವೇ ಆದರೆ ಬರೀ ನೀರು ಧಾರೆ ಬಿಟ್ಟರೆ ಬಹುಪಾಲು ಹೋಗುತ್ತದೆ. ಒಣಗಿದ್ದರೆ ಉಗುರಲ್ಲಿ ಕೆರೆಯಬೇಡಿ. ಒದ್ದೆ ಬಟ್ಟೆ ಹಾಸಿ ಅರ್ಧ ಗಂಟೆ ನೆನೆಸಿ. ಉಳಿದದ್ದಕ್ಕೆ ಮೇಲೆ ಹೇಳಿದ ವಿನೆಗರ್ ನೀರು. ಸುಣ್ಣ ಕರಗುತ್ತದೆ, ಜೊತೆಗೆ ತಾಮ್ರವೂ ಕರಗುತ್ತದೆ.

ಇಲ್ಲೊಂದು ಎಚ್ಚರಿಕೆ. ಬೋರ್ಡೋ ಹದ ಸರಿ ಇದೆಯಾ ಅಂತ ನೋಡಲು ಕಬ್ಬಿಣದ ಚಾಕು ಅದ್ದುತ್ತೇವಲ್ಲ? ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕಾರಿನ ಬಣ್ಣ ಎದ್ದು ತಗಡು ಕಾಣುವ ಜಾಗದಲ್ಲೂ ಕರಗಿದ ತಾಮ್ರ ಹಾಗೇ ಕೂರಬಹುದು. ತಾಮ್ರ ಕೂತ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಹಾಗಾಗಿ ವಿನೆಗರ್ ಹಾಕಿದ ಮೇಲೆ ಎರಡು ಮೂರು ಸಲ ನೀರು ಬಿಡಿ. ಔಷಧಿ ಹೊಡೆಯುವ ದಿನ ಕಾರನ್ನು ಗಾಳಿ ಬೀಸಿ ಬರುವ ಬದಿಗೆ, ದೂರ ಒಯ್ದು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭ.

ಟಾಯ್ಲೆಟ್ ಕ್ಲೀನರ್, ಬ್ಲೀಚು, ಫಿನಾಯಿಲು?

ಮೂರೂ ಬೇಡ. ಟಾಯ್ಲೆಟ್ ಕ್ಲೀನರುಗಳಲ್ಲಿ ಹಲವು ಹೈಡ್ರೋಕ್ಲೋರಿಕ್ ಆಮ್ಲದವು. ಕ್ಲಿಯರ್ ಕೋಟ್ ಕೆಲವು ನಿಮಿಷ ತಡೆದುಕೊಂಡರೂ ಕ್ರೋಮ್, ಅಲ್ಯೂಮಿನಿಯಂ, ತೆರೆದ ತಗಡು ತಡೆಯುವುದಿಲ್ಲ. ಅದರ ಹೊಗೆ ತಾಗಿದರೂ ಕಬ್ಬಿಣ ತುಕ್ಕಾಗುತ್ತದೆ.

ಪರೀಕ್ಷಿಸಲೇಬೇಕು ಅಂದರೆ ಗುಜರಿ ತುಂಡಿನ ಮೇಲೆ ಬ್ಲೇಡಿನಿಂದ ತಗಡು ಕಾಣುವ ತನಕ ಒಂದು ಗೀರು ಎಳೆಯಿರಿ, ಆ ಗೀರಿನ ಮೇಲೆ ಹತ್ತಿ ಇಡಿ. ಬ್ಲೀಚ್ ಇಟ್ಟ ಗೀರಿನಲ್ಲಿ ಬೆಳಗಾಗುವಷ್ಟರಲ್ಲಿ ತುಕ್ಕಿನ ಬಣ್ಣ ಇಳಿದಿರುತ್ತದೆ, ಸುತ್ತಲಿನ ಬಣ್ಣಕ್ಕೆ ಏನೂ ಆಗದಿದ್ದರೂ. ನಮ್ಮ ಊರುಗಳಿಗೆ ಈ ಗೀರಿನ ಪರೀಕ್ಷೆ ಬಹಳ ಮುಖ್ಯ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೇಲೆ ಮಳೆ. ತಿಂಗಳುಗಟ್ಟಲೆ ಕಾರು ಒಣಗುವುದೇ ಇಲ್ಲ. ಒಮ್ಮೆ ಶುರುವಾದ ತುಕ್ಕು ಬಣ್ಣದ ಅಡಿಯಲ್ಲೇ ಹರಿದುಕೊಂಡು ಹೋಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಬ್ಲೀಚನ್ನು ಟಾಯ್ಲೆಟ್ ಕ್ಲೀನರ್ ಜೊತೆಗಾಗಲಿ, ವಿನೆಗರ್ ಜೊತೆಗಾಗಲಿ ಯಾವತ್ತೂ ಸೇರಿಸಬಾರದು. ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆಗೂ ಸೇರಿಸಬಾರದು, ಅದರಿಂದ ಬರುವ ಅನಿಲವೂ ವಿಷವೇ. ಒಂದೇ ತಗಡಿನ ಮೇಲೆ ಅಕ್ಕಪಕ್ಕದ ಚೌಕದಲ್ಲಿ ಇವನ್ನು ಇಡಬೇಡಿ, ಒಂದರ ನೀರು ಇನ್ನೊಂದಕ್ಕೆ ಹರಿಯುತ್ತದೆ. ಪರೀಕ್ಷೆ ಬಯಲಲ್ಲಿ ಮಾಡಿ, ಮಕ್ಕಳು ದೂರ ಇರಲಿ.

ಟಾರು, ಹಲಸಿನ ಮೇಣಕ್ಕೆ ಸೀಮೆಎಣ್ಣೆ ಹಾಕಬಹುದಾ? ಥಿನ್ನರ್?

ಮೊದಲು ಕೊಬ್ಬರಿ ಎಣ್ಣೆ ನೋಡಿ. ಹಲಸು ಕೊಯ್ಯುವಾಗ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇವೆ, ಕಾರಿನ ಮೇಲಿನ ಮೇಣಕ್ಕೂ ಅದೇ ಉಪಾಯ. ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಎತ್ತಿ, ಸೋಪು ನೀರಲ್ಲಿ ತೊಳೆಯಿರಿ. ಹೊಸ ಡಾಂಬರಿನ ಚುಕ್ಕೆಗೂ ಇದು ಆಗುತ್ತದೆ, ತಾಳ್ಮೆ ಬೇಕು.

ಸೀಮೆಎಣ್ಣೆ ಕಂಪನಿ ಬಣ್ಣವನ್ನು ಕರಗಿಸುವುದಿಲ್ಲ. ಬಟ್ಟೆಯಲ್ಲಿ ಚೂರೇ ತೆಗೆದುಕೊಂಡು, ಟಾರು ಇರುವಲ್ಲಿ ಮಾತ್ರ ಹಚ್ಚಿ, ಕೂಡಲೇ ಸೋಪು ಹಾಕಿ ತೊಳೆಯಿರಿ. ರಬ್ಬರಿಗೆ ತಾಗಿದರೆ ರಬ್ಬರು ಉಬ್ಬುತ್ತದೆ. ಎಂಜಿನ್ ಬಿಸಿ ಇರುವಾಗ, ಬೆಂಕಿಯ ಹತ್ತಿರ ಬೇಡ. ಪೆಟ್ರೋಲು ಬೇಡ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ.

ಗಾಜಿನ ಕ್ಲೀನರ್, ಸ್ಯಾನಿಟೈಸರ್ ಬಿದ್ದರೆ?

ಬಿದ್ದ ಹನಿ ಒರೆಸಿ, ನೀರು ಹಾಕಿ, ಅಷ್ಟೇ. ಅಮೋನಿಯಾ ಇರುವ ಕ್ಲೀನರ್ ಬಣ್ಣಕ್ಕಿಂತ ಗಾಜಿನ ಮೇಲೆ ಅಂಟಿಸಿದ ಸನ್‌ಫಿಲ್ಮಿಗೆ ಕೆಟ್ಟದ್ದು. ಸ್ಯಾನಿಟೈಸರ್ ಹೊಸದಾಗಿ ಪೇಂಟ್ ಮಾಡಿದ ಜಾಗದಲ್ಲಿ ಕಲೆ ಬಿಡಬಹುದು.

ಟೂತ್‌ಪೇಸ್ಟಿನಿಂದ ಗೀರು ಹೋಗುತ್ತಂತೆ?

ಟೂತ್‌ಪೇಸ್ಟಿನಲ್ಲಿ ನುಣ್ಣನೆಯ ಉಜ್ಜುವ ಪುಡಿ ಇದೆ. ಸಣ್ಣ ಗೀರಿನ ಅಂಚನ್ನು ಸವೆಸಿ ಕಾಣದಂತೆ ಮಾಡುತ್ತದೆ, ಸುತ್ತ ಮಂಕು ಬಿಡುತ್ತದೆ. ಹೆಡ್‌ಲೈಟಿನ ಹಳದಿಯೂ ಹೋಗುತ್ತದೆ ನಿಜ. ಆದರೆ ಅದರ ಮೇಲೆ ಬಿಸಿಲು ತಡೆಯುವ ಲೇಪ ಉಳಿದಿದ್ದರೆ ಅದೂ ಸವೆಯುತ್ತದೆ, ಹಳದಿ ಮತ್ತೆ ಬೇಗ ಬರುತ್ತದೆ.

ಸೀಗೆಕಾಯಿ, ಅಂಟುವಾಳ?

ಅಂಟುವಾಳದ ನೊರೆ ಒಳ್ಳೆಯದು, ತೀಕ್ಷ್ಣವಲ್ಲ. ಕಾಯಿ ನೆನೆಸಿ, ಕಿವುಚಿ, ಎರಡು ಸಲ ಸೋಸಬೇಕು. ಸೀಗೆಪುಡಿಯಲ್ಲಿ ನಾರಿನ ಚೂರು, ಬೀಜದ ಹುಡಿ ಇರುತ್ತದೆ, ಸೋಸಿದರೂ ಪೂರ್ತಿ ಹೋಗುವುದಿಲ್ಲ. ಮನೆಯದು ಅಂದ ಮಾತ್ರಕ್ಕೆ ಮೃದು ಅಂದುಕೊಳ್ಳಬೇಡಿ. ಒಲೆಯ ಬೂದಿಯೂ ಮನೆಯದೇ, ಅದು ಕ್ಷಾರವೂ ಹೌದು, ಹರಳೂ ಹೌದು.

ಬೀಡಿಂಗಿನಲ್ಲಿ, ಗಾಜಿನ ಅಂಚಲ್ಲಿ ಪಾಚಿ ಕಟ್ಟಿದೆ. ಬ್ಲೀಚ್ ಬಿಟ್ಟು ಬೇರೆ ದಾರಿ?

ಹಳೆಯ ಹಲ್ಲುಜ್ಜುವ ಬ್ರಷ್ಷು, ಪಾತ್ರೆ ಲಿಕ್ವಿಡ್ ಬೆರೆಸಿದ ನೀರು. ಬ್ರಷ್ಷು ರಬ್ಬರಿನ ಮೇಲೆ ಮಾತ್ರ ಆಡಲಿ, ಬಣ್ಣಕ್ಕೆ ತಾಗದ ಹಾಗೆ ಪಕ್ಕದಲ್ಲಿ ಟೇಪು ಅಂಟಿಸಿಕೊಳ್ಳಿ. ಬಾಗಿಲಿನ ಕೆಳಗಿನ ನೀರು ಹೋಗುವ ತೂತುಗಳಲ್ಲಿ ಎಲೆ, ಮಣ್ಣು ಸಿಕ್ಕಿದ್ದರೆ ತೆಗೆಯಿರಿ. ಅಲ್ಲಿ ನೀರು ನಿಂತರೆ ಯಾವ ಸೋಪು ಬಳಸಿದರೂ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ.

ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಮಾಡಿಸಿದ ಕಾರಿಗೂ ಇದೇ ಲೆಕ್ಕವಾ?

ಅಲ್ಲ. ಕಂಪನಿಯಲ್ಲಿ ಬಣ್ಣವನ್ನು ಸಾಮಾನ್ಯವಾಗಿ 140 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸುತ್ತಾರೆ. ಗ್ಯಾರೇಜಿನಲ್ಲಿ ಅಷ್ಟು ಬಿಸಿ ಕೊಡಲಾಗುವುದಿಲ್ಲ, ಒಳಗಿನ ವೈರು, ಪ್ಲಾಸ್ಟಿಕ್ ಕರಗುತ್ತವೆ. ಹಾಗಾಗಿ ಅದು ನಿಧಾನ ಗಟ್ಟಿಯಾಗುತ್ತದೆ. ಮೊದಲ ಒಂದೆರಡು ತಿಂಗಳು ನೀರು, ತೀರಾ ಬೇಕಾದರೆ ಕಾರಿನ ಶಾಂಪೂ, ಅಷ್ಟೇ. ಮಳೆಗಾಲದಲ್ಲಿ ಮಾಡಿಸಿದ್ದರೆ ಇನ್ನಷ್ಟು ದಿನ ಕಾಯಿರಿ.

ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದಿದ್ದರೆ ಅದು ಎಷ್ಟು ವರ್ಷ ಆದರೂ ಥಿನ್ನರಿಗೆ ಕರಗುತ್ತದೆ. ಪೇಂಟರ್ ಹತ್ತಿರ ಎನ್‌ಸಿಯಾ, ಪಿಯು (ಪಾಲಿಯುರೆಥೇನ್) ಪೇಂಟಾ ಅಂತ ಕೇಳಿಕೊಳ್ಳಿ. ಒಂದು ಬಾಗಿಲು ಮಾತ್ರ ಮಾಡಿಸಿದ್ದರೆ ಆ ಬಾಗಿಲಿನ ಅಂಚಲ್ಲಿ ಬೇರೆಯೇ ಪರೀಕ್ಷೆ ಮಾಡಬೇಕು.

ಒಂದು ರಾತ್ರಿ ಇಟ್ಟರೂ ಏನೂ ಆಗಲಿಲ್ಲ. ಇನ್ನು ಧೈರ್ಯವಾಗಿ ಬಳಸಬಹುದಲ್ವಾ?

ಒಂದು ರಾತ್ರಿಯ ಪರೀಕ್ಷೆ ತಕ್ಷಣದ ಹಾನಿಯನ್ನು ಮಾತ್ರ ಹೇಳುತ್ತದೆ. ವಾರ ವಾರ ತೊಳೆದು ಐದು ವರ್ಷಕ್ಕೆ ಏನಾಗುತ್ತದೆ ಅಂತ ಅದು ಹೇಳಲಾರದು. ಬಿಸಿಲೂ ಕ್ಲಿಯರ್ ಕೋಟನ್ನು ಸವೆಸುತ್ತಿರುತ್ತದೆ. ಗುಜರಿ ತುಂಡನ್ನು ಬಿಸಾಡದೆ ಅಂಗಳದ ಮೂಲೆಯಲ್ಲಿ ಬಿಸಿಲು ಮಳೆಗೆ ಬಿಡಿ. ಕಾರು ತೊಳೆದಾಗಲೆಲ್ಲ ಅದರ ಅರ್ಧವನ್ನು ಅದೇ ಸೋಪಿನಿಂದ, ಇನ್ನರ್ಧವನ್ನು ಬರೀ ನೀರಿನಿಂದ ತೊಳೆಯಿರಿ. ವರ್ಷ ಕಳೆದ ಮೇಲೆ ಎರಡು ಅರ್ಧಗಳನ್ನು ಹೋಲಿಸಿ ನೋಡಿದರೆ ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಹೊಳೆ ಹತ್ತಿರ ಇದೆ. ಅಲ್ಲೇ ಪರೀಕ್ಷೆ ಮಾಡಿ ಕಾರು ತೊಳೆದುಬಿಡಬಹುದಾ?

ಬೇಡ, ದಯವಿಟ್ಟು. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳುವವರು ನಾವು. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಯ ಮೀನುಗಳು ಬದುಕಿರುವುದೂ ಇದೇ ತುಂಗೆಯಲ್ಲಿ. ಸೋಪಿನ ನೊರೆ ಮೀನಿನ ಕಿವಿರಿಗೆ ನೇರ ಹಾನಿ ಮಾಡುತ್ತದೆ. ಕಾರಿನ ಅಡಿಯ ಎಣ್ಣೆ, ಗ್ರೀಸೂ ಜೊತೆಗೆ ಹೋಗುತ್ತದೆ. ಬಾವಿ, ಕೆರೆ, ಹಳ್ಳದಿಂದ ದೂರ, ನೀರು ಮಣ್ಣಲ್ಲಿ ಇಂಗುವ ಕಡೆ ತೊಳೆಯಿರಿ. ಬ್ಲೀಚು, ಆಮ್ಲದ ಪರೀಕ್ಷೆ ಮಾಡಿದ್ದರೆ ಹತ್ತಿಯನ್ನು ಬೇರೆ ಬೇರೆ ನೀರಲ್ಲಿ ಚೆನ್ನಾಗಿ ತೊಳೆದು ಎಸೆಯಿರಿ.

ಬಣ್ಣ ಆಗಲೇ ಮಂಕಾಗಿದೆ. ಸರಿ ಹೋಗುತ್ತಾ?

ಉಗುರು ಆಡಿಸಿ ನೋಡಿ. ಉಗುರಿಗೆ ಸಿಗದ ಗೀರು, ಮೇಲ್ಮೈಯ ಮಂಕು ಪಾಲಿಶ್ ಮಾಡಿದರೆ ಹೋಗುತ್ತದೆ. ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕೆ ಹೋಗಿದೆ, ಅಲ್ಲಿ ಮತ್ತೆ ಪೇಂಟೇ ಗತಿ. ಪಾಲಿಶ್ ಅಂದರೆ ಕ್ಲಿಯರ್ ಕೋಟನ್ನು ಚೂರು ಚೂರೇ ಸವೆಸುವುದು. ಇರುವ 40 ಮೈಕ್ರಾನಿನಲ್ಲಿ ಪ್ರತಿ ಸಲ ಒಂದಿಷ್ಟು ಹೋಗುತ್ತದೆ, ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ರಬ್ಬಿಂಗ್ ಪಾಲಿಶ್ ಮಾಡಿಸುವ ಮೊದಲು ದಪ್ಪ ಅಳೆಯುವ ಗೇಜ್ ಇದೆಯಾ ಅಂತ ಕೇಳಿ. ಅದು ಪದರಗಳ ಒಟ್ಟು ದಪ್ಪ ತೋರಿಸುತ್ತದೆ. ಬಾನೆಟ್, ಟಾಪು, ಬಾಗಿಲುಗಳನ್ನು ಬೇರೆ ಬೇರೆ ಅಳೆಸಿ. ಉಳಿದ ಕಡೆಗಿಂತ ತೀರಾ ಕಮ್ಮಿ ತೋರಿಸುವ ಜಾಗ ಇದ್ದರೆ ಅಲ್ಲಿ ಮೆಷಿನ್ ಇಡಲು ಬಿಡಬೇಡಿ. ತೊಳೆದು, ಒಣಗಿಸಿ, ಕೈಯಲ್ಲಿ ವ್ಯಾಕ್ಸ್ ಹಚ್ಚಿಸಿ.